ಎಫ್ ಸಾಲಿನ ಹದಿನೇಳನೇ ಕುರ್ಚಿ

ಒಳ್ಳೆಯ ದೂರು ಮೂರು ಸಾಲು ಮೀರಬಾರದು ಎಂಬುದು ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರ ಸಿದ್ಧಾಂತ. ಇಪ್ಪತ್ತಾರು ವರ್ಷಗಳಿಂದ ಅವರು ಅದೇ ಕಿಟಕಿಯ ಹಿಂದೆ ಕುಳಿತು ಊರಿನವರ ದೂರುಗಳನ್ನು ತೆಗೆದುಕೊಳ್ಳುತ್ತಿದ್ದರು. ನಾಲ್ಕನೇ ಸಾಲು ಕಂಡರೆ ಕಾಗದವನ್ನು ಕಿಟಕಿಯಿಂದ ಹೊರಗೆ ತಳ್ಳುತ್ತಿದ್ದರು. "ಕಥೆ ಬರೆಯೋಕೆ ಬೇರೆ ಜಾಗ ಇದೆ. ಇಲ್ಲಿ ಸಂಗತಿ ಬರೀರಿ. ಹೆಸರು ಬೇಡ, ಹೆಸರು ಹಾಕಿದ್ರೆ ಜಗಳ ಆಗುತ್ತೆ. ಜಾಗ ಬರೀರಿ, ತೊಂದರೆ ಬರೀರಿ, ಏನಾಗ್ಬೇಕು ಅನ್ನೋದು ಬರೀರಿ. ಮುಗೀತು." ಹೀಗೆ ಬರೆದ ದೂರುಗಳಿಂದ ಊರಿನ ನಲ್ಲಿಯಲ್ಲಿ ನೀರು ಬಂತೇ ಎಂದು ಯಾರೂ ಅವರನ್ನು ಕೇಳಬಾರದು. ಅದು ಇನ್ನೊಂದು ವಿಭಾಗದ ಕೆಲಸ.

ಗುಮಾಸ್ತರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸ್ಸಿನ ಮೇಲೆ ಸಿಟ್ಟು, ಫ್ಯಾನಿನ ಮೇಲೆ ಸಿಟ್ಟು, ಬೆನ್ನ ಹಿಂದೆ ಸೀನುವವರ ಮೇಲೆ ಸಿಟ್ಟು. ಪ್ರಪಂಚದಲ್ಲಿ ಅವರು ಒಂದು ದಿನವೂ ಸಿಟ್ಟು ಮಾಡಿಕೊಳ್ಳದಿದ್ದದ್ದು ಒಬ್ಬ ಮನುಷ್ಯನ ಮೇಲೆ ಮಾತ್ರ. ಎಪ್ಪತ್ತೆರಡು ವರ್ಷದ ಆ ರಾಕ್ ಗಾಯಕನನ್ನು ಜನರೆಲ್ಲ 'ಗುಡುಗು' ಎಂದೇ ಕರೆಯುತ್ತಿದ್ದರು. ಗುಮಾಸ್ತರು ಹುಡುಗರಾಗಿದ್ದಾಗಿನಿಂದ ಗುಡುಗಿನ ಹಾಡು ಕೇಳಿಯೇ ಗಡ್ಡ ಕೆರೆದುಕೊಂಡವರು. ಅದರಲ್ಲೂ 'ಕೊನೆಯ ಬಸ್ಸು' ಎಂಬ ಹಾಡೆಂದರೆ ಪ್ರಾಣ. ಅದರಲ್ಲಿ ಒಬ್ಬ ಹುಡುಗ ಹೊರಟುಹೋದ ಬಸ್ಸಿನ ಹಿಂದೆ ಓಡುತ್ತಾ "ನಿಲ್ಲೋ..." ಎಂದು ಕೂಗುತ್ತಾನೆ. ಆ 'ನಿಲ್ಲೋ' ನೆಲದಿಂದ ಎದ್ದು ಆಕಾಶಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ.

ಆದರೆ ಕಣ್ಣಾರೆ ಕಂಡು ಕಿವಿಯಾರೆ ಕೇಳುವ ಯೋಗ ಕೂಡಿ ಬಂದಿರಲಿಲ್ಲ. ಒಮ್ಮೆ ಗುಡುಗು ಊರಿಗೆ ಬಂದಾಗ ಇವರಿಗೆ ಕೆಲಸದ ಸಂದರ್ಶನವಿತ್ತು. ಇನ್ನೊಮ್ಮೆ ಬಂದಾಗ ಮಗಳು ಹುಟ್ಟಿದಳು. ಈಗ ಗುಡುಗು ವಿದಾಯದ ಕಾರ್ಯಕ್ರಮ ಕೊಡುತ್ತಿದ್ದರು. ಮೂರು ಸಂಜೆ, ಮೂರಕ್ಕೂ ಒಂದೇ ಪಾಸು, ಮೂರಕ್ಕೂ ಒಂದೇ ಕುರ್ಚಿ. ಗುಮಾಸ್ತರಿಗೆ ಸಿಕ್ಕಿದ್ದು ಎಫ್ ಸಾಲಿನ ಹದಿನೇಳನೇ ಕುರ್ಚಿ.

"ಅದೇ ಹಾಡು ಮೂರು ದಿನ ಯಾಕೆ ಕೇಳ್ಬೇಕು ರೀ?" ಎಂದು ಹೆಂಡತಿ ಕೇಳಿದರು.

"ನೀನು ದಿನಾ ಅದೇ ಗಂಡನ ಮುಖ ನೋಡಲ್ವಾ?"

"ಅದಕ್ಕೆ ಪಾಸು ತಗೊಂಡಿಲ್ಲ ನಾನು" ಎಂದರು ಹೆಂಡತಿ.

ಮೊದಲನೇ ಸಂಜೆ ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿವಿಗೆ ಎರಡೆರಡು ಬಾರಿ ನೀರು ಹಾಕಿ ತೊಳೆದು, ಒಂದು ಗಂಟೆ ಮುಂಚೆಯೇ ಹೋಗಿ ಕುಳಿತರು. ಎಂಟುನೂರು ಜನ ತುಂಬಿದ ಸಭಾಂಗಣ. ಹದಿನೆಂಟನೇ ಕುರ್ಚಿಗೆ ಅರವತ್ತೆಂಟರ ಆಸುಪಾಸಿನ ಒಬ್ಬರು ಬಂದರು. ಎದೆ ಮುಂದೆ, ಹೊಟ್ಟೆ ಹಿಂದೆ, ಮೀಸೆ ಎರಡೂ ಕಡೆ. ಯಾವುದೋ ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರಂತೆ. ಇದನ್ನು ಅವರು ಗುಮಾಸ್ತರಿಗೆ ಹೇಳಿದರು, ಆದರೆ ಕೇಳಿಸಿದ್ದು ಎಲ್ ಸಾಲಿನವರೆಗೂ.

ದೀಪ ಆರಿತು. ಗುಡುಗು ವೇದಿಕೆಗೆ ಬಂದರು. ಬೆಳ್ಳಗಿನ ಉದ್ದ ಕೂದಲು, ಕಪ್ಪು ಕೋಟು, ಕೊರಳಲ್ಲಿ ಗಿಟಾರು. ಗುಮಾಸ್ತರ ಕಣ್ಣು ತುಂಬಿ ಬಂತು. ಗುಡುಗು ಬಾಯಿ ತೆರೆದರು. ಅದೇ ಕ್ಷಣಕ್ಕೆ ಹದಿನೆಂಟನೇ ಕುರ್ಚಿಯೂ ಬಾಯಿ ತೆರೆಯಿತು.

ಮೈದಾನದ ಆ ತುದಿಯಲ್ಲಿದ್ದ ಹುಡುಗರನ್ನು ಸೀಟಿಯಿಲ್ಲದೆ ನಿಲ್ಲಿಸುತ್ತಿದ್ದ ಗಂಟಲು ಅದು. ಪದ ಒಂದೂ ತಪ್ಪುತ್ತಿರಲಿಲ್ಲ, ಶ್ರುತಿ ಒಂದೂ ಸೇರುತ್ತಿರಲಿಲ್ಲ. ಮೊದಲನೇ ಹಾಡಿಗೆ ಗುಮಾಸ್ತರು ತಿರುಗಿ ನೋಡಿದರು. ಎರಡನೇ ಹಾಡಿಗೆ ಕೆಮ್ಮಿದರು. ಮೂರನೆಯದಕ್ಕೆ ಮೇಷ್ಟ್ರ ತೋಳು ಮುಟ್ಟಿದರು.

"ಸ್ವಾಮೀ, ಸ್ವಲ್ಪ ನಿಧಾನ."

"ಏನಂದ್ರಿ?"

"ನಿಧಾನ ಹಾಡಿ ಅಂದೆ!"

"ನಿಧಾನ ಹಾಡಿದ್ರೆ ತಾಳ ತಪ್ಪುತ್ತೆ ರೀ! ನೀವೂ ಹಾಡಿ, ಯಾಕೆ ಸಂಕೋಚ?"

ಗುಮಾಸ್ತರು ಎದ್ದು, ಟಾರ್ಚ್ ಹಿಡಿದು ಸೀಟು ತೋರಿಸುವವನನ್ನು ಹುಡುಕಿ ಹಿಡಿದರು. ಅವನು ಮೇಷ್ಟ್ರ ಮೇಲೆ ಟಾರ್ಚ್ ಬಿಟ್ಟು ನೋಡಿ, "ಹಾಡ್ಬಾರ್ದು ಅಂತ ನಿಯಮ ಇಲ್ಲ ಸಾರ್. ಕುರ್ಚಿ ಹರೀಬಾರ್ದು ಅಂತ ಇದೆ. ಅವರೇನಾದ್ರೂ ಹರಿದ್ರಾ?" ಎಂದ.

"ನನ್ನ ಕಿವಿ ಹರಿದಿದ್ದಾರೆ!"

"ಅದು ನಮ್ಮ ಸಾಮಾನಲ್ಲ ಸಾರ್."

'ಕೊನೆಯ ಬಸ್ಸು' ಶುರುವಾದಾಗ ಮೇಷ್ಟ್ರು ಎದ್ದೇ ನಿಂತರು. 'ನಿಲ್ಲೋ' ಎಂಬ ಪದವನ್ನು ಜೀವಮಾನವಿಡೀ ಕೂಗಿ ಪಳಗಿದ ಮನುಷ್ಯ. ಕೂಗಿದ ರಭಸಕ್ಕೆ ಇ ಸಾಲಿನಲ್ಲಿ ಇಬ್ಬರು ಅಭ್ಯಾಸಬಲದಿಂದ ನೆಟ್ಟಗೆ ಕುಳಿತರು. ವೇದಿಕೆಯ ಮೇಲೆ ಗುಡುಗು ಹಾಡಿದರೋ, ನಕ್ಕರೋ, ನೀರು ಕುಡಿದರೋ, ಗುಮಾಸ್ತರಿಗೆ ಎಳ್ಳಷ್ಟೂ ತಿಳಿಯಲಿಲ್ಲ.

ಇಂಟರ್ವಲ್ ಆದದ್ದೇ ತಡ, ಅವರು ಸಭಾಂಗಣದ ಮ್ಯಾನೇಜರರ ಕೋಣೆಗೆ ನುಗ್ಗಿದರು. "ದೂರಿನ ಪುಸ್ತಕ ಕೊಡಿ." ಮ್ಯಾನೇಜರ್ ಒಂದು ದಪ್ಪ ಪುಸ್ತಕದ ಧೂಳು ಕೊಡವಿ ಕೊಟ್ಟರು. ಇಪ್ಪತ್ತಾರು ವರ್ಷ ಬೇರೆಯವರ ದೂರು ತಿದ್ದಿದ ಗುಮಾಸ್ತರಿಗೆ ತಮ್ಮದೇ ಒಂದು ದೂರು ಬರೆಯುವ ಅವಕಾಶ ಇದೇ ಮೊದಲು. ಅಷ್ಟು ಸಿಟ್ಟಿನಲ್ಲೂ ಅಕ್ಷರ ಅಚ್ಚಿನಂತೆ ಬಂತು:

"ಎಫ್ ಸಾಲಿನ ಹದಿನೇಳನೇ ಕುರ್ಚಿಯಲ್ಲಿ ಕುಳಿತ ನನಗೆ ಈ ವೃದ್ಧರ ಹಾಡು ಸಹಿಸಲಸಾಧ್ಯವಾಗಿದೆ. ಶ್ರುತಿಯಿಲ್ಲ, ದನಿ ಒಡೆದಿದೆ, ವಯಸ್ಸಿಗೆ ತಕ್ಕ ನಾಚಿಕೆಯೂ ಇಲ್ಲ. ಉಳಿದೆರಡು ಸಂಜೆ ಇವರು ಬಾಯಿ ತೆರೆಯದಂತೆ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಮೂರೇ ಸಾಲು. ಹೆಸರಿಲ್ಲ. ಜಾಗ ಇದೆ, ತೊಂದರೆ ಇದೆ, ಏನಾಗಬೇಕೆಂಬುದೂ ಇದೆ. ಗುಮಾಸ್ತರು ಅದನ್ನು ಎರಡು ಸಲ ಓದಿ ತಲೆದೂಗಿದರು. ಇಂಥ ದೂರು ತಮ್ಮ ಕಿಟಕಿಗೆ ಬಂದಿದ್ದರೆ ಎದ್ದು ನಿಂತು ತೆಗೆದುಕೊಳ್ಳುತ್ತಿದ್ದೆ ಅಂದುಕೊಂಡರು.

ಮ್ಯಾನೇಜರ್ ಅದನ್ನು ಓದಿದ್ದು ಮರುದಿನ ಬೆಳಗ್ಗೆ. ಓದಿದವರೇ ಕುರ್ಚಿಯಿಂದ ಅರ್ಧ ಎದ್ದರು. ಕಲಾವಿದರ ಮೇಲೆ ದೂರು ಬಂದರೆ ಅದೇ ದಿನ ಕಲಾವಿದರಿಗೆ ತಲುಪಿಸಬೇಕೆಂಬುದು ಆ ಸಭಾಂಗಣದ ನಿಯಮ. ನಿಯಮ ಮಾಡಿದ ಮೇಲೆ ಯಾರೂ ಅದನ್ನು ಬಳಸಿರಲಿಲ್ಲವಾದ್ದರಿಂದ ಮ್ಯಾನೇಜರ್ ಬಹಳ ಉತ್ಸಾಹದಿಂದ ಬಳಸಿದರು. ಹಾಳೆ ಹರಿದು, ಲಕೋಟೆಯಲ್ಲಿಟ್ಟು, ಗುಡುಗಿಗೇ ಕೊಟ್ಟು ಕಳಿಸಿದರು.

ಎರಡನೇ ಸಂಜೆ ಗುಮಾಸ್ತರು ಠೀವಿಯಿಂದ ಬಂದು ಕುಳಿತರು. ಪಕ್ಕದಲ್ಲಿ ಮೇಷ್ಟ್ರು ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನೋಡೋಣ, ಇವತ್ತು ಕ್ರಮ ಕೈಗೊಳ್ಳುತ್ತಾರೆ ಎಂದು ಗುಮಾಸ್ತರು ಕೈಕಟ್ಟಿ ಕಾದರು.

ಗುಡುಗು ಬಂದರು. ಗಿಟಾರು ಕೆಳಗಿಟ್ಟರು. ಜೇಬಿನಿಂದ ಒಂದು ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಮೈಕಿನಲ್ಲಿ ಓದಿದರು. ಮೂರೂ ಸಾಲು.

ಸಭಾಂಗಣದಲ್ಲಿ ಮೊದಲು ಉಸಿರು ನಿಂತಿತು. ಆಮೇಲೆ ಎಂಟುನೂರು ಉಸಿರೂ ಒಟ್ಟಿಗೆ ಹೊರಬಂತು.

"ಎಫ್ ಹದಿನೇಳು ಯಾರಪ್ಪಾ?" ಎಂದರು ಗುಡುಗು. ದನಿಯಲ್ಲಿ ಕೋಪ ಕುದಿಯುತ್ತಿತ್ತು. "ಐವತ್ತು ವರ್ಷ ಹಾಡಿದ್ದೀನಿ. ಚಪ್ಪಲಿ ಎಸೆದೋರಿದ್ದಾರೆ, ಎದುರಿಗೇ ಎಸೆದ್ರು. ಹೀಗೆ ಲಕೋಟೆಯಲ್ಲಿ ಹಾಕಿ ಕಳಿಸಿದೋರು ಯಾರೂ ಇಲ್ಲ. ಎದ್ದು ನಿಲ್ಲು, ಮುಖ ನೋಡೋಣ!"

ದೊಡ್ಡ ದೀಪವೊಂದು ತಿರುಗಿ ತಿರುಗಿ ಬಂದು ಗುಮಾಸ್ತರ ಮೂಗಿನ ಮೇಲೆ ನಿಂತಿತು. ಅವರು ಎದ್ದರು. "ನಿಮ್ಮದಲ್ಲ ಸಾರ್! ಇವರದು! ಇವರದು!" ಎಂದು ಎರಡೂ ಕೈಯಿಂದ ಪಕ್ಕಕ್ಕೆ ತೋರಿಸಿದರು.

ಮೇಷ್ಟ್ರು ಜಿಗಿದೆದ್ದರು. "ನಂದಾ? ಆ ಕಾಗದ ನಂದಾ? ನಲವತ್ತು ವರ್ಷದಿಂದ ಇವರ ಹಾಡು ಹಾಡ್ತಿದ್ದೀನಿ ರೀ ನಾನು!"

"ಅದೇ ತೊಂದರೆ!" ಎಂದು ಗುಮಾಸ್ತರು ಕಿರುಚಿದರು.

"ನೋಡಿ, ನೋಡಿ! ಇವರ ಹಾಡೇ ತೊಂದರೆಯಂತೆ! ಎಲ್ಲರೂ ಕೇಳಿದ್ರಾ?" ಎಂದು ಮೇಷ್ಟ್ರು ಮೈಕಿಲ್ಲದೆ ಇಡೀ ಸಭಾಂಗಣಕ್ಕೆ ಸಾರಿದರು. "ಬರೆದಿದ್ದೂ ಅಲ್ದೆ ನನ್ನ ತಲೆಗೆ ಕಟ್ತಾನೆ!"

"ಥೂ" ಎಂಬ ಶಬ್ದ ಎಂಟುನೂರು ಬಾಯಿಂದ ಒಟ್ಟಿಗೆ ಬಂದರೆ ಹೇಗಿರುತ್ತದೆಂದು ಗುಮಾಸ್ತರಿಗೆ ಆಗ ತಿಳಿಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಗುಡುಗು ಹಾಡು ಶುರುಮಾಡಿದ ಕೂಡಲೇ ಜನರೆಲ್ಲ ಗುಮಾಸ್ತರ ಕಡೆಗೇ ತಿರುಗಿ, ಅವರ ಮುಖಕ್ಕೆ ಮುಖ ಕೊಟ್ಟು, ಹಟ ಹಿಡಿದು ಹಾಡಿದರು. ಮುಂದಿನ ಸಾಲಿನ ಒಬ್ಬ ಅಜ್ಜಿ ಕುರ್ಚಿಯ ಮೇಲೆ ಮಂಡಿಯೂರಿ ಕುಳಿತು, ಅವರ ಮೂಗಿನಿಂದ ಗೇಣು ದೂರದಲ್ಲಿ, ಆರಂಭದಿಂದ ಕೊನೆಯವರೆಗೆ ಹಾಡಿದರು. ಮೇಷ್ಟ್ರು ಇವರೆಲ್ಲರ ನಾಯಕತ್ವ ವಹಿಸಿದರು.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಜೊತೆಗೆ, ದೀಪದ ಬೆಳಕಿನಲ್ಲಿ ಬಾಯಿ ತೆರೆದು ನಿಂತ ಗುಮಾಸ್ತರ ಚಿತ್ರವೂ ಇತ್ತು. ಅವರು ಕಚೇರಿಗೆ ಹೋಗುವ ಮೊದಲೇ ಚಿತ್ರ ಹೋಗಿ ಗೋಡೆಯ ಮೇಲೆ ಕುಳಿತಿತ್ತು. ಕಿಟಕಿಯ ಮುಂದೆ ಉದ್ದನೆಯ ಸಾಲು. ಮೊದಲನೆಯವನು ಕಾಗದ ಚಾಚಿದ.

"ಮೀಟರ್ ಸಂಖ್ಯೆ?"

"ಮೀಟರ್ ಅಲ್ಲ ಸಾರ್, ನಿಮ್ಮ ಮೇಲೆ ದೂರು. ಮೂರೇ ಸಾಲು ಇದೆ, ನೋಡ್ಕೊಳ್ಳಿ."

ಎರಡನೆಯವಳದೂ ಅದೇ. ಹನ್ನೊಂದು ಗಂಟೆಯ ಹೊತ್ತಿಗೆ ಅಂಥ ನಲವತ್ತು ದೂರು ಬಂದವು. ತೆಗೆದುಕೊಳ್ಳುವುದಿಲ್ಲ ಎನ್ನಲು ಗುಮಾಸ್ತರಿಗೆ ಅಧಿಕಾರವಿರಲಿಲ್ಲ, ಎಲ್ಲವೂ ನಿಯಮದ ಪ್ರಕಾರವೇ ಇದ್ದವು. ಹಲ್ಲು ಕಚ್ಚಿಕೊಂಡು ಒಂದೊಂದಕ್ಕೂ ಮೊಹರು ಒತ್ತಿದರು. ಅಷ್ಟರಲ್ಲಿ ಸೂಪರಿಂಟೆಂಡೆಂಟರು ಕರೆಸಿದರು. ಅವರ ಮೇಜಿನ ಗಾಜಿನ ಕೆಳಗೆ ಗುಡುಗಿನ ಚಿತ್ರವಿರುವುದನ್ನು ಗುಮಾಸ್ತರು ಇಷ್ಟು ವರ್ಷ ಗಮನಿಸಿರಲೇ ಇಲ್ಲ.

"ಕೂತ್ಕೋಬೇಡಿ" ಎಂದರು ಸೂಪರಿಂಟೆಂಡೆಂಟರು. "ನನ್ನ ಮದುವೆ ನಿಶ್ಚಯ ಆಗಿದ್ದು ಆ ಮನುಷ್ಯನ ಹಾಡಿಂದ. ನೀವು ಅವರ ದನಿ ಒಡೆದಿದೆ ಅಂತೀರಾ?"

"ಸಾರ್, ನಾನು ಬರೆದಿದ್ದು ಪಕ್ಕದವರ ಬಗ್ಗೆ."

"ಪಕ್ಕದವರ ಬಗ್ಗೆ ಅಂತ ಎಲ್ಲಿದೆ? ಪೇಪರ್‌ನಲ್ಲಿ ಪೂರ್ತಿ ಹಾಕಿದ್ದಾರೆ, ತೋರಿಸಿ ನನಗೆ."

ಗುಮಾಸ್ತರು ನೋಡಿದರು. ಎಲ್ಲೂ ಇರಲಿಲ್ಲ. ನಾಲ್ಕನೇ ಸಾಲು ಬರೆದಿದ್ದರೆ ಬಹುಶಃ ಇರುತ್ತಿತ್ತು.

"ಸೋಮವಾರದಿಂದ ಹಳೇ ಕಡತದ ಕೋಣೆಗೆ ಹೋಗಿ" ಎಂದರು ಸೂಪರಿಂಟೆಂಡೆಂಟರು. "ಅಲ್ಲಿ ಯಾರೂ ಹಾಡಲ್ಲ. ಕಿಟಕೀನೂ ಇಲ್ಲ."

ಮಧ್ಯಾಹ್ನ ಬಾಮೈದನ ಫೋನ್. "ಭಾವ, ನಮ್ಮ ಆಫೀಸಲ್ಲಿ ಕೇಳಿದ್ರು, ಆ ಮನುಷ್ಯ ನಿಮ್ಮ ಕಡೆಯವರಾ ಅಂತ. ಇಲ್ಲ ಅಂದುಬಿಟ್ಟಿದ್ದೀನಿ. ಸ್ವಲ್ಪ ದಿನ ನಮ್ಮನೆ ಕಡೆ ಬರ್ಬೇಡಿ."

ಹೆಂಡತಿಗೆ ಬೇರೆಯದೇ ಸಿಟ್ಟು. "ಅಷ್ಟು ಕೆಟ್ಟದಾಗಿ ಹಾಡೋರನ್ನ ಕೇಳೋಕಾಗ್ಲಿಲ್ಲ ಅಂತ ಮಗಳು ಹುಟ್ಟಿದ ದಿನಾನೂ ಆಸ್ಪತ್ರೆ ಬೆಂಚಿನ ಮೇಲೆ ಮುಖ ಊದಿಸ್ಕೊಂಡು ಕೂತಿದ್ರಲ್ಲ! ಇವತ್ತು ಹೋಗ್ಲೇಬೇಡಿ."

"ಹೋಗೇ ಹೋಗ್ತೀನಿ!" ಗುಮಾಸ್ತರು ಬಾಗಿಲು ಬಡಿದ ರಭಸಕ್ಕೆ ಗೋಡೆಯ ಗಡಿಯಾರ ನಿಂತಿತು. "ಎರಡು ದಿನದಿಂದ ಒಂದು ಸಾಲು ಕೇಳಿಲ್ಲ ನಾನು. ನನ್ನ ಪಾಸು, ನನ್ನ ಕುರ್ಚಿ, ನನ್ನ ಕಿವಿ!"

ಸಭಾಂಗಣದ ಬಾಗಿಲಲ್ಲೇ ಮ್ಯಾನೇಜರ್ ಕಾಯುತ್ತಿದ್ದರು. "ಬನ್ನಿ, ಅವರು ನಿಮ್ಮನ್ನ ನೋಡ್ಬೇಕಂತೆ. ದಯವಿಟ್ಟು ಏನೂ ಬರೀಬೇಡಿ."

ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಗುಡುಗು ಕುತ್ತಿಗೆಗೆ ಟವಲು ಸುತ್ತಿಕೊಂಡು ಉಪ್ಪುನೀರು ಮುಕ್ಕಳಿಸುತ್ತಿದ್ದರು. ಹತ್ತಿರದಿಂದ ನೋಡಿದರೆ ಸಣ್ಣ ಆಳು. ಬಟ್ಟಲಿಗೆ ಉಗುಳಿ, ಬಾಯಿ ಒರೆಸಿಕೊಂಡು, ಗುಮಾಸ್ತರನ್ನು ಮೇಲಿಂದ ಕೆಳಗೆ ನೋಡಿದರು.

"ನೀನಾ? ನಿನ್ನೆ ಬೈದೆ. ಆಮೇಲೆ ಕೂತು ಯೋಚನೆ ಮಾಡಿದೆ. ಹತ್ತು ವರ್ಷದಿಂದ ಎಲ್ಲರೂ 'ಅದೇ ದನಿ, ಅದೇ ದನಿ' ಅಂತಾರೆ. ಸುಳ್ಳು. ನಿಜ ಹೇಳಿದೋನು ನೀನೊಬ್ಬ. ಇವತ್ತು 'ಕೊನೆಯ ಬಸ್ಸು' ಹಾಡಲ್ಲ ನಾನು. ಬಿಟ್ಟುಬಿಟ್ಟೆ."

ಗುಮಾಸ್ತರ ಪಿತ್ತ ನೆತ್ತಿಗೇರಿತು. "ಏನು, ಬಿಟ್ರಾ? ಯಾರನ್ನ ಕೇಳಿ ಬಿಟ್ರಿ? ಅದಕ್ಕೋಸ್ಕರ ಮೂವತ್ತು ವರ್ಷ ಕಾದಿದ್ದೀನಿ ನಾನು! ನೀವು ಸುಮ್ನೆ ಬಿಟ್ಟುಬಿಡ್ತೀರಾ?"

"ನೀನೇ ತಾನೆ ಶ್ರುತಿಯಿಲ್ಲ ಅಂದಿದ್ದು?"

"ನಿಮಗಲ್ಲಾರೀ! ಹದಿನೆಂಟನೇ ಕುರ್ಚಿಗೆ! ಅಲ್ಲೊಬ್ಬ ಡ್ರಿಲ್ ಮೇಷ್ಟ್ರು ಕೂತಿದ್ದಾರೆ, ನೀವು ಬಾಯಿ ತೆಗೆದ್ರೆ ಅವರೂ ತೆಗೀತಾರೆ. ವೃದ್ಧರು ಅಂತ ಬರೆದಿದ್ದು ಅವರನ್ನ!"

ಗುಡುಗು ಟವಲನ್ನು ನಿಧಾನವಾಗಿ ಬಿಚ್ಚಿದರು. ಮುಖ ಕೆಂಪಾಯಿತು. "ಅಂದ್ರೆ, ನಾನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದು, ಉಪ್ಪುನೀರು ಕುಡಿದು ಹೊಟ್ಟೆ ಕೆಡಿಸ್ಕೊಂಡಿದ್ದು, ಯಾವನೋ ಡ್ರಿಲ್ ಮೇಷ್ಟ್ರಿಗೋಸ್ಕರವಾ?"

"ಹೌದು."

"ಹಾಗಾದ್ರೆ ನನ್ನ ದನಿ ಹೇಗಿದೆ? ಅದನ್ನಾದ್ರೂ ಹೇಳು."

"ಗೊತ್ತಿಲ್ಲ. ನಾನು ಕೇಳೇ ಇಲ್ಲ."

"ಎರಡು ಸಂಜೆ ಕೂತು ಕೇಳಿಲ್ವಾ?"

"ಮೊದಲನೇ ದಿನ ಅವರೊಬ್ಬರು ಬಿಡ್ಲಿಲ್ಲ. ಎರಡನೇ ದಿನ ನೀವು ಎಂಟುನೂರು ಜನರನ್ನ ನನ್ನ ಮೇಲೆ ಛೂ ಬಿಟ್ರಿ!"

ಗುಡುಗು ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದರು. ಆಮೇಲೆ, ಗೋಡೆ ನೋಡುತ್ತಾ, ಸಿಡುಕಿನಿಂದಲೇ ಹೇಳಿದರು: "ಒಂದು ಮಾತು ಹೇಳ್ತೀನಿ, ಹೊರಗೆ ಹೇಳ್ಬೇಡ. ಏಳು ವರ್ಷದಿಂದ ಆ 'ನಿಲ್ಲೋ' ನಾನು ಹಾಡಿಲ್ಲ. ಆ ಜಾಗ ಬಂದ ತಕ್ಷಣ ಮೈಕ್ ಜನರ ಕಡೆ ತಿರುಗಿಸ್ತೀನಿ. ಅವರು ಹಾಡ್ತಾರೆ. ಜನ ಅದನ್ನ ಪ್ರೀತಿ ಅಂತಾರೆ. ಪ್ರೀತಿಯಲ್ಲ, ಗಂಟಲು ಇಲ್ಲ." ಎದ್ದು ನಿಂತು ಕೋಟು ಜಾಡಿಸಿದರು. "ಇವತ್ತು ನಾನೇ ಹಾಡ್ತೀನಿ. ಹೋಗಿ ಕೂತ್ಕೋ. ಕೇಳು."

ಎಲ್ಲ ಹಾಡು ಮುಗಿದು ಕೊನೆಯದಕ್ಕೆ ಬಂದಾಗ ಗುಡುಗು ಮೈಕ್ ಹಿಡಿದು ಮುಂದೆ ಬಂದರು. "ನಿನ್ನೆ ನನ್ನಿಂದ ತಪ್ಪಾಯ್ತು. ಆ ದೂರು ನನ್ನ ಮೇಲಲ್ಲ. ಎಫ್ ಹದಿನೆಂಟರ ಮೇಲೆ. ಎಫ್ ಹದಿನೇಳಕ್ಕೆ ನನ್ನ ದನಿ ಕೇಳಬೇಕಂತೆ. ಈ ಹಾಡಿಗೆ ಒಬ್ಬರೂ ಬಾಯಿ ತೆರೆಯಕೂಡದು. ನನ್ನ ಆಣೆ!"

ಎಂಟುನೂರು ತಲೆ ಮೇಷ್ಟ್ರ ಕಡೆ ತಿರುಗಿತು. ಮೇಷ್ಟ್ರ ಮೀಸೆ ಇಳಿಯಿತು. ಅವರು ಗುಮಾಸ್ತರನ್ನು ಒಮ್ಮೆ ನೋಡಿ, ಕರವಸ್ತ್ರ ತೆಗೆದು, ನಾಲ್ಕಾಗಿ ಮಡಚಿ, ಬಾಯಿಗೆ ಒತ್ತಿ ಹಿಡಿದರು.

ಹಾಡು ಶುರುವಾಯಿತು. ಇಡೀ ಸಭಾಂಗಣ ಸ್ತಬ್ಧ. ಗುಮಾಸ್ತರು ಕೊನೆಗೂ ಕೇಳಿದರು. ದನಿ ತುಕ್ಕು ಹಿಡಿದಿತ್ತು, ಅಲ್ಲಲ್ಲಿ ಉಸಿರು ಸೋರುತ್ತಿತ್ತು. ಆದರೂ ಅದೇ ದನಿ. ರಸ್ತೆ, ಧೂಳು, ಓಡುವ ಹುಡುಗ, ಎಲ್ಲ ಅದರಲ್ಲಿತ್ತು. ಗುಮಾಸ್ತರ ತೋಳಿನ ಕೂದಲು ನಿಮಿರಿತು. ಅರ್ಧ ಹಾಡು, ಪೂರ್ತಿ ಅರ್ಧ, ಅವರದೊಬ್ಬರದೇ ಆಗಿತ್ತು.

ಆಮೇಲೆ ಆ ಜಾಗ ಬಂತು. ಗುಡುಗು ಕಣ್ಣು ಮುಚ್ಚಿ, ಕತ್ತೆತ್ತಿ, "ನಿಲ್..." ಎಂದರು. ದನಿ ಅರ್ಧ ಮೆಟ್ಟಿಲು ಹತ್ತಿ ಮುರಿಯಿತು. ಹಿಂದಿದ್ದ ವಾದ್ಯದವರು ಅದೇ ಸಾಲನ್ನು ಮತ್ತೆ ನುಡಿಸಿದರು. ಗುಡುಗು ಮತ್ತೆ ಹತ್ತಿದರು, ಮತ್ತೆ ಮುರಿಯಿತು. ಎಂಟುನೂರು ಜನ ಆಣೆಗೆ ಕಟ್ಟುಬಿದ್ದು ಕಲ್ಲಿನಂತೆ ಕುಳಿತಿದ್ದರು. ಗುಡುಗು ಕಣ್ಣು ತೆರೆದು ನೇರ ಎಫ್ ಹದಿನೇಳನ್ನೇ ನೋಡಿದರು. ಹಣೆಯಿಂದ ಬೆವರು ಸುರಿಯುತ್ತಿತ್ತು. ಮೂರನೇ ಸಲಕ್ಕೆ ವಾದ್ಯ ತಿರುಗಿತು.

ಗುಮಾಸ್ತರಿಗೆ ಸಿಟ್ಟು ಉಕ್ಕಿ ಬಂತು. ಯಾರ ಮೇಲೆಂದು ಕೇಳಿದ್ದರೆ ಅವರಿಗೇ ಹೇಳಲಾಗುತ್ತಿರಲಿಲ್ಲ. ಮೊಣಕೈಯಿಂದ ಮೇಷ್ಟ್ರ ಪಕ್ಕೆಗೆ ತಿವಿದರು.

"ಹಾಡ್ರೀ!"

ಮೇಷ್ಟ್ರು ಕರವಸ್ತ್ರ ಒಂದಿಷ್ಟು ಸರಿಸಿದರು. "ಹಾಡಲ್ಲ. ದೂರು ಕೊಟ್ಟಿದ್ದೀರಿ."

"ವಾಪಸ್ ತಗೊಂಡೆ! ಹಾಡ್ರೀ, ನೋಡೋಕಾಗ್ತಿಲ್ಲ!"

"ಬರವಣಿಗೆಯಲ್ಲಿ ಕೊಡಿ."

"ರೀ, ಈಗ ಎಲ್ಲಿಂದ ಬರೀಲಿ!" ಗುಮಾಸ್ತರು ಎದ್ದು ನಿಂತರು. ಜೀವಮಾನದಲ್ಲಿ ಸ್ನಾನದ ಮನೆಯಲ್ಲೂ ಹಾಡದ ಮನುಷ್ಯ, ಮುಷ್ಟಿ ಬಿಗಿದು, ಹೊಟ್ಟೆಯ ತಳದಿಂದ, ಕೋಪವನ್ನೆಲ್ಲ ಸೇರಿಸಿ, "ನಿಲ್ಲೋ...!" ಎಂದು ಅರಚಿದರು. ವಾರಗಟ್ಟಲೆ ನೀರಿಲ್ಲದ ನಲ್ಲಿಯನ್ನು ತಟ್ಟನೆ ತಿರುಗಿಸಿದಾಗ ಬರುವ ಸದ್ದು ಅದು.

ಮೇಷ್ಟ್ರು ಕಿವಿ ಮುಚ್ಚಿಕೊಂಡರು. "ಅಯ್ಯೋ, ಹಾಗಲ್ಲ ರೀ! ಕೊಲ್ತೀರಾ ಹಾಡನ್ನ!" ಎಂದವರೇ ಕರವಸ್ತ್ರ ಎಸೆದು ಬಾಯಿಬಿಟ್ಟರು. ಅವರ ಬೆನ್ನಿಗೇ ಮುಂದಿನ ಸಾಲಿನ ಅಜ್ಜಿ, ಅಜ್ಜಿಯ ಹಿಂದೆ ಇಡೀ ಸಭಾಂಗಣ. ಮೂಲೆಯಲ್ಲಿ ಸೂಪರಿಂಟೆಂಡೆಂಟರು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದರು. ಟಾರ್ಚಿನವನು ಅವರ ಕಾಲು ಹಿಡಿದು ಎಳೆಯುತ್ತಿದ್ದ. ವೇದಿಕೆಯ ಮೇಲೆ ಗುಡುಗು ಮೈಕ್ ಅನ್ನು ಜನರ ಕಡೆ ತಿರುಗಿಸಿ, ಇನ್ನೊಂದು ಕೈಯ ಬೆರಳನ್ನು ಗುಮಾಸ್ತರ ಕಡೆ ಚಾಚಿ, ಏನೋ ಜೋರಾಗಿ ಹೇಳಿದರು. ಬೈದರೋ ಹೊಗಳಿದರೋ, ಆ ಗದ್ದಲದಲ್ಲಿ ದೇವರಿಗೂ ಕೇಳಿಸಿರಲಿಕ್ಕಿಲ್ಲ.

"ಏನಂದ್ರು ಅವರು?" ಹೊರಗೆ ಮೆಟ್ಟಿಲಿಳಿಯುತ್ತಾ ಮೇಷ್ಟ್ರು ಕೇಳಿದರು.

ಗುಮಾಸ್ತರು "ನಿಮ್ಮ ಅರಚಾಟದಲ್ಲಿ ಏನು ಕೇಳುತ್ತೆ!" ಎಂದು ರೇಗಲು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಗಂಟಲು ಪೂರ್ತಿ ಹೋಗಿತ್ತು. ಬೈಯಬೇಕಾದ ದಿನವೇ ಬೈಯಲಾಗದ ಸಿಟ್ಟಿಗೆ ಅವರು ಮೇಷ್ಟ್ರ ಕಡೆ ಬೆನ್ನು ಹಾಕಿ ಮನೆಯವರೆಗೂ ದುಡುದುಡು ನಡೆದರು.

ಹೆಂಡತಿ ಬಾಗಿಲು ತೆರೆದರು. "ಇವತ್ತಾದ್ರೂ ಕೇಳಿಸ್ತಾ?"

ಗುಮಾಸ್ತರು ಬೆರಳಿನಲ್ಲಿ ಅರ್ಧ ಎಂದು ತೋರಿಸಿದರು.

"ಮೂರು ದಿನ ಹೋಗಿ ಅರ್ಧ ಹಾಡಾ? ಉಳಿದರ್ಧ ಯಾರು ಹಾಡಿದ್ರು?"

ಗುಮಾಸ್ತರು ಕಣ್ಣು ಕೆಂಪಗೆ ಮಾಡಿಕೊಂಡೇ ತಮ್ಮ ಎದೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು.

ಹೆಂಡತಿ ಅವರನ್ನು ಒಂದು ಗಳಿಗೆ ನೋಡಿದರು. "ಪಾಪ" ಎಂದರು, "ಪಕ್ಕದಲ್ಲಿ ಕೂತಿದ್ದೋರು."